ಅಟ್ಟದಲ್ಲಿ ಸಿಕ್ಕಿದ ಮರದ ಪ್ರೊಪೆಲರ್



ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳ ಅಟ್ಟದಲ್ಲಿ ಏನೆಲ್ಲ ಇರುತ್ತದೆಂದು ಹೇಳಲಾಗದು. ಹಂಡೆ, ಮರಿಗೆಗಳ ನಡುವೆ ಆಳೆತ್ತರದ ಮರದ ಪ್ರೊಪೆಲರ್ ಒಂದು ಸಿಕ್ಕಿತೆನ್ನಿ. ಅಜ್ಜ ತಂದದ್ದು ಎಂಬುದರ ಹೊರತು ಮನೆಯವರಿಗೆ ಬೇರೇನೂ ತಿಳಿಯದು. ಅದರ ಕುಲಗೋತ್ರ ಪತ್ತೆಹಚ್ಚುವುದು ಹೇಗೆ?

ಮೊದಲು ಬದಿಯಿಂದ ನೋಡಿ. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ ಪದರಗಳು ಕಾಣುತ್ತವೆಯೇ? ಒಂದೇ ಹಲಗೆಯಾದರೆ ತೇವಕ್ಕೆ ಸೊಟ್ಟಗಾಗುತ್ತದೆ; ಮಳೆಗಾಲದಲ್ಲಿ ಮುಚ್ಚಲಾರದ ಬಾಗಿಲುಗಳನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 1903ರಲ್ಲಿ ರೈಟ್ ಸಹೋದರರೂ ಸ್ಪ್ರೂಸ್ ಮರದ ಪದರಗಳನ್ನು ಅಂಟಿಸಿಯೇ ಪ್ರೊಪೆಲರ್ ಕೆತ್ತಿದ್ದರು. ಅಲಗು ನಡುವಿನ ಬಳಿ ಹೆಚ್ಚು ಓರೆಯಾಗಿದ್ದು, ತುದಿಗೆ ಬರುತ್ತ ಚಪ್ಪಟೆಯಾಗಬೇಕು. ತುದಿ ಹೆಚ್ಚು ವೇಗದಲ್ಲಿ ಸುತ್ತುವುದರಿಂದ ಅಲ್ಲಿ ಅಷ್ಟು ಓರೆ ಬೇಡ. ಅಂಚಿಗೆ ಹಿತ್ತಾಳೆಯ ತಗಡು ಹೊದೆಸಿದ್ದರೆ ಅದು ಮಳೆಹನಿ, ಕಲ್ಲಿನ ಚೂರುಗಳಿಂದ ರಕ್ಷಣೆಗೆ.

ಮಂಗಳೂರಿನ ಬಜ್ಪೆಯಲ್ಲಿ ವಿಮಾನ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಅಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಹಾಗೆಂದು ನಮ್ಮ ವಸ್ತು ಡಕೋಟಾದ್ದೆನ್ನುವಂತಿಲ್ಲ. ಅದರ ಪ್ರೊಪೆಲರಿಗೆ ಲೋಹದ ಮೂರು ಅಲಗುಗಳು. ಎರಡಲಗಿನ ಮರದ್ದಾದರೆ ಸಣ್ಣ ವಿಮಾನಗಳತ್ತ ನೋಡಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಪೈಲಟ್‌ಗಳು ಹಾರಾಟ ಕಲಿತ ಟೈಗರ್ ಮಾತ್ ಅಂಥದ್ದು. ಅದರ ಜಿಪ್ಸಿ ಮೇಜರ್ ಎಂಜಿನ್, ಪೈಲಟ್ ಕುಳಿತಲ್ಲಿಂದ ನೋಡಿದರೆ, ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅಮೆರಿಕದ ಸಣ್ಣ ಎಂಜಿನ್‌ಗಳು ಸಾಮಾನ್ಯವಾಗಿ ಪ್ರದಕ್ಷಿಣವಾಗಿ. ಗಾಳಿಯನ್ನು ಸೀಳುವುದು ದಪ್ಪನೆಯ ದುಂಡು ಅಂಚು. ಅದು ಯಾವ ಕಡೆಗಿದೆ ಎಂಬುದರಿಂದ ಸುತ್ತುವ ದಿಕ್ಕು ತಿಳಿಯುತ್ತದೆ.

ಆದರೆ ನಿಜವಾದ ಜಾತಕವಿರುವುದು ನಡುವಿನ ದಪ್ಪ ಭಾಗದಲ್ಲಿ. ವಿನ್ಯಾಸದ ಸಂಖ್ಯೆ, ಎಂಜಿನ್ನಿನ ಹೆಸರು, ಅಶ್ವಶಕ್ತಿ ಇವನ್ನು ಅಲ್ಲಿ ಮರಕ್ಕೆ ಒತ್ತಿರುತ್ತಾರೆ. 'ಡಿ' ಎಂದರೆ ವ್ಯಾಸ. 'ಪಿ' ಎಂದರೆ ಪಿಚ್, ಅಂದರೆ ಒಂದು ಸುತ್ತಿಗೆ ಸ್ಕ್ರೂವಿನಂತೆ ಮುಂದೆ ಸಾಗಬೇಕಾದ ದೂರ. ಬೋಲ್ಟಿನ ತೂತುಗಳೆಷ್ಟು, ಅವುಗಳ ನಡುವಿನ ಅಂತರವೆಷ್ಟು ಎಂಬ ಲೆಕ್ಕವೂ ಎಂಜಿನ್ನಿನ ಗುರುತು ಹೇಳುತ್ತದೆ.

ಅಲಗಿನ ಮರ ನಮ್ಮ ಹಲಸೋ ತೇಗವೋ ಹೊರಗಿನದೋ ಎಂಬುದನ್ನು ಊರಿನ ಅನುಭವಿ ಆಚಾರಿಗಳನ್ನೇ ಕೇಳಿ. ಆದರೆ ಕೈಮುಗಿದು ಬೇಡುತ್ತೇನೆ, ಗೋಡೆಗೆ ತೂಗುಹಾಕುವ ಆಸೆಯಿಂದ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿಸಬೇಡಿ, ಪಾಲಿಶ್ ಮಾಡಿಸಬೇಡಿ. ಆ ಅಕ್ಷರಗಳ ಆಳ ಕೂದಲೆಳೆಯಷ್ಟೇ. ಮಾಸಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಮೆಲ್ಲನೆ ತೀಡಿ, ಮೂಡಿದರೂ ಮೂಡಬಹುದು. ಅಜ್ಜನನ್ನು ಕೇಳುವ ಕಾಲ ಮುಗಿಯಿತು. ಉಳಿದ ಒಬ್ಬನೇ ಸಾಕ್ಷಿ ಆ ಮರ. ಅದರ ಬಾಯನ್ನೂ ನಾವೇ ಮುಚ್ಚಿಸುವುದು ಬೇಡ.