ಹೊಸ ಉಳಿತಾಯ ಖಾತೆ ಏಕೆ ಕಡಿಮೆಯಾಯಿತು?



ನಾಲೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲ ಅನ್ನಿ. ನೀವೇನು ಮಾಡುತ್ತೀರಿ? ಕನ್ನಂಬಾಡಿ ಕಟ್ಟೆಯಲ್ಲೇ ನೀರಿಲ್ಲವೆಂದು ಸುಮ್ಮನೆ ಕೂರುವುದಿಲ್ಲ. ಗುದ್ದಲಿ ಹೆಗಲಿಗೇರಿಸಿ, ಗದ್ದೆಯಿಂದ ಕಾಲುವೆಗೆ, ಕಾಲುವೆಯಿಂದ ತೂಬಿಗೆ ನೋಡುತ್ತಾ ನಡೆಯುತ್ತೀರಿ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಮದ್ದೂರು, ಮಳವಳ್ಳಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಉಳಿತಾಯ ಖಾತೆಯ ವಿಷಯವೂ ಹೀಗೆಯೇ. ಹೋದ ತಿಂಗಳು ಊರಿನಲ್ಲಿ ಹತ್ತಾರು ಮಂದಿ ಹೊಸ ಖಾತೆ ತೆರೆದರು. ಈ ತಿಂಗಳು ಇಬ್ಬರೋ ಮೂವರೋ. ಕೂಡಲೇ, "ನಮ್ಮ ಜನಕ್ಕೆ ಕೂಡಿಡೋ ಬುದ್ಧಿ ಎಲ್ಲಿದೆ ಬಿಡಿ" ಎಂದುಬಿಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಮಹಿಳಾ ಸಂಘದವರಾಗಲಿ, ಹಾಲಿನ ಡೇರಿಯವರಾಗಲಿ, ಮೊದಲು ಮೂರು ಮಾತು ವಿಚಾರಿಸಬೇಕು.

ಒಂದನೆಯದು, ಹಿಂದಿನ ತಿಂಗಳು ಅಷ್ಟೊಂದು ಜನ ಬಂದದ್ದೇಕೆ? 2023ರ ಜುಲೈನಲ್ಲಿ ಅನ್ನಭಾಗ್ಯದ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿದರು. ಆಗಸ್ಟ್ 30ರಂದು ಗೃಹಲಕ್ಷ್ಮಿಯ 2,000 ರೂಪಾಯಿ ಆರಂಭವಾಯಿತು. ಖಾತೆ ಇಲ್ಲದವರು, ಇದ್ದರೂ ಆಧಾರ್ ಜೋಡಿಸದವರು ಬ್ಯಾಂಕು, ಅಂಚೆ ಕಚೇರಿಗಳ ಮುಂದೆ ಸಾಲು ನಿಂತರು. ಬೇಕಾದವರೆಲ್ಲ ಒಮ್ಮೆಗೇ ತೆರೆದ ಮೇಲೆ ಸಾಲು ಕರಗುವುದು ಸಹಜ. ಪ್ರವಾಹ ಇಳಿದರೆ ಬರಗಾಲ ಬಂತೆನ್ನಬಾರದು.

ಎರಡನೆಯದು, ಕೈಯಲ್ಲಿ ಕಾಸು ಆಡುವ ಕಾಲವೇ ಇದು? ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ. ಮದ್ದೂರಿನ ಎಳನೀರಿನ ಹಣ ಆಗಾಗ್ಗೆ. ಮಳವಳ್ಳಿಯ ರೇಷ್ಮೆಗೂಡಿನ ಹಣ ಬೆಳೆಗೊಂದು ಸಾರಿ. ಆದ್ದರಿಂದ ಈ ತಿಂಗಳನ್ನು ಹೋದ ತಿಂಗಳಿನೊಡನೆ ತೂಗಬೇಡಿ; ಹೋದ ವರ್ಷದ ಇದೇ ತಿಂಗಳಿನೊಡನೆ ತೂಗಿ. ಹಾಗೆ ತೂಗುವಾಗಲೂ ಆ ವರ್ಷ ಮಳೆ ಹೇಗಿತ್ತೆಂದು ನೆನೆಯಿರಿ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಲೇ ಇಲ್ಲ.

ಮೂರನೆಯದು, ಜನ ಯಾವ ಹೊಸ್ತಿಲಲ್ಲಿ ನಿಂತರು? ಲೆಕ್ಕಕ್ಕೆಂದು ಹೇಳುತ್ತೇನೆ: ವಿಚಾರಿಸಿದವರು 40, ಅರ್ಜಿ ಪಡೆದವರು 36, ಕಾಗದಪತ್ರ ತಂದುಕೊಟ್ಟವರು 34, ಖಾತೆ ಆದದ್ದು 9. ಈಗ ಹೇಳಿ, ಕೂಡಿಡುವ ಮನಸ್ಸು ಇಲ್ಲವೇ? ಮನಸ್ಸಿದೆ, ನೀರು ಸೋರಿದ್ದು ಕೊನೆಯ ತೂಬಿನಲ್ಲಿ. ಆ 25 ಮಂದಿಯನ್ನು ಕೇಳಿ. ಒಬ್ಬಾಕೆಯ ಹೆಸರು ಪಡಿತರ ಚೀಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಇನ್ನೊಬ್ಬಾಕೆಯ ಬೆರಳು ನಾಟಿ, ಕಳೆಗಳಲ್ಲಿ ಸವೆದು ಯಂತ್ರಕ್ಕೆ ಗುರುತು ಹತ್ತುವುದಿಲ್ಲ. ಮತ್ತೊಬ್ಬಾಕೆ "ನಾಳೆ ಬನ್ನಿ" ಎಂಬ ಮಾತಿಗೆ ಎರಡು ದಿನದ ಕೂಲಿ ಕಳೆದುಕೊಂಡು ಸುಮ್ಮನಾದಳು. ಮೂವರಿಗೂ ಒಂದೇ ಮದ್ದಲ್ಲ. ಹೆಸರು ತಿದ್ದಿಸಬಹುದು, ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಬಹುದು, ಹತ್ತು ಮಂದಿ ಸೇರಿ ಬ್ಯಾಂಕಿನವರಿಂದ ಒಂದು ದಿನ ಗೊತ್ತುಮಾಡಿಸಿಕೊಂಡು ಹೋಗಬಹುದು.

ಇನ್ನೊಂದು ಮಾತು. 2014ರ ಆಗಸ್ಟ್ 28ರಂದು ಜನಧನ ಶುರುವಾದ ಮೇಲೆ ತೆರೆದ ಪಾಸುಬುಕ್ಕು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿದೆ. ಎರಡು ವರ್ಷ ಹಣ ಹಾಕದೆ, ತೆಗೆಯದೆ ಬಿಟ್ಟರೆ ಖಾತೆ ನಿದ್ದೆ ಹೋಗುತ್ತದೆ, ಆದರೆ ಸಾಯುವುದಿಲ್ಲ. ಗುರುತಿನ ಕಾಗದ ಕೊಟ್ಟು ಎಬ್ಬಿಸಬಹುದು, ಅದಕ್ಕೆ ಶುಲ್ಕವಿಲ್ಲ. ಹಾಗೆ ಎದ್ದ ಖಾತೆ ಹೊಸ ಖಾತೆಯ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಮನೆಯ ಲೆಕ್ಕಕ್ಕೆ ಬರುತ್ತದೆ.

ಖಾತೆಯಾಗದೆ ಹಿಂತಿರುಗಿದ ತಾಯಿಯ ಹಣ ಅಡಕೆಯ ಡಬ್ಬಿಯಲ್ಲೇ ಕರಗುತ್ತದೆ. ಕಾಯಿಲೆ ಬಂದ ದಿನ ಆಕೆ ಬಡ್ಡಿಯವನ ಬಾಗಿಲಿಗೆ ಹೋಗುತ್ತಾಳೆ. ಅದಕ್ಕೇ ಹೇಳಿದ್ದು: ಮುಂದಿನ ಸಂಘದ ಸಭೆಯಲ್ಲಿ ಈ ನಾಲ್ಕು ಲೆಕ್ಕ ಬರೆಯಿರಿ. ಆಮೇಲೆ ಗುದ್ದಲಿ ಎತ್ತಿ, ಸೋರಿದ ಕಡೆಗೇ ನಡೆಯಿರಿ.