ಕಾವಲುಗಾರನ ಕಾಲಿಗೆ ಸರಪಳಿ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹಂಪಿಯ ರಾಣಿವಾಸದ ಕಾವಲು ಗೋಪುರಗಳನ್ನು ನೀವು ನೋಡಿರುತ್ತೀರಿ. ಗೋಡೆ ಎಷ್ಟೇ ಗಟ್ಟಿಯಾಗಿರಲಿ, ಕಾವಲುಗಾರ ಗಸ್ತು ತಿರುಗದಿದ್ದರೆ ಕೋಟೆ ಉಳಿಯುವುದಿಲ್ಲ. ನಮ್ಮ ದೇಹದ ಕಥೆಯೂ ಅಷ್ಟೆ. ಸಿ.ಡಿ.4 ಎಂಬ ಬಿಳಿ ರಕ್ತಕಣಗಳು ರಕ್ತಕ್ಕೂ ದುಗ್ಧರಸ ಗ್ರಂಥಿಗಳಿಗೂ ಸದಾ ಓಡಾಡುತ್ತ ರೋಗಾಣುಗಳ ಸುಳಿವು ಹಿಡಿಯುತ್ತವೆ.

ಎಚ್.ಐ.ವಿ. ಈ ಕಣಗಳನ್ನು ನಾಶಮಾಡುತ್ತದೆ ಎಂಬುದು ನಿಮಗೆ ಗೊತ್ತು. ಅದು ಕಣಗಳ ನಡಿಗೆಯನ್ನೂ ಕೆಡಿಸುತ್ತದೆ. ಕಣ ಮುಂದೆ ಸರಿಯಬೇಕಾದರೆ ಅದರೊಳಗಿನ ಆಕ್ಟಿನ್ ಎಂಬ ಎಳೆಗಳು ಕ್ಷಣಕ್ಷಣಕ್ಕೂ ಬಿಚ್ಚಿಕೊಂಡು ಮತ್ತೆ ಹೆಣೆದುಕೊಳ್ಳಬೇಕು. ಬಿಚ್ಚುವ ಕೆಲಸ ಕೋಫಿಲಿನ್ ಎಂಬ ಪ್ರೋಟೀನಿನದು. ವೈರಸ್ಸಿನ ‘ನೆಫ್’ ಎಂಬ ಪ್ರೋಟೀನು ಕೋಫಿಲಿನ್‌ನ ಹದ ತಪ್ಪಿಸಿ ಕಣದ ಚಲನೆಯನ್ನು ತಡೆಯುತ್ತದೆಂದು ಜರ್ಮನಿಯ ಹೈಡೆಲ್‌ಬರ್ಗ್ ವಿಜ್ಞಾನಿಗಳು 2009ರಲ್ಲಿ ತೋರಿಸಿದರು. ಮಾತ್ರೆ ಸೇವಿಸುತ್ತಿದ್ದವರಲ್ಲೂ ಈ ಹದ ಪೂರ್ತಿ ಮರಳಿರಲಿಲ್ಲವೆಂದು 2019ರ ಅಮೆರಿಕ-ಚೀನಾ ಸಂಶೋಧನೆಯೊಂದು ತಿಳಿಸಿತು. ಒಂದು ಪ್ರತಿಕಾಯದಿಂದ ಅದನ್ನು ಸರಿಪಡಿಸುವ ದಾರಿಯನ್ನೂ ಸೂಚಿಸಿತು. ಅದಿನ್ನೂ ಸಂಶೋಧನೆ, ಔಷಧವಲ್ಲ.

ಕೈಯಲ್ಲಿರುವ ಔಷಧ ಎ.ಆರ್.ಟಿ. ಮಾತ್ರೆ. 2004ರ ಏಪ್ರಿಲ್‌ನಿಂದ ಸರಕಾರ ಉಚಿತವಾಗಿ ಕೊಡುತ್ತಿದೆ, 2017ರಿಂದ ಸಿ.ಡಿ.4 ಎಣಿಕೆ ಎಷ್ಟೇ ಇರಲಿ, ಸೋಂಕಿತರೆಲ್ಲರಿಗೂ. ತಪ್ಪದೆ ನುಂಗಿದರೆ ವೈರಸ್ಸು ಅಡಗುತ್ತದೆ, ಕಾವಲುಗಾರರ ಸಂಖ್ಯೆ ಏರುತ್ತದೆ. ರಕ್ತದಲ್ಲಿ ವೈರಸ್ಸು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ದಾಂಪತ್ಯದಲ್ಲಿ ಸಂಗಾತಿಗೆ ಹರಡುವುದಿಲ್ಲ.

ಆದರೂ ಸಂಡೂರಿನ ಅದಿರು ಲಾರಿ ಓಡಿಸುತ್ತಿದ್ದ ಒಬ್ಬ ತಂದೆ, ಪರಿಚಿತರು ಕಂಡಾರೆಂದು ಮಾತ್ರೆ ತರಲು ದೂರದ ಊರಿಗೆ ಹೋಗುತ್ತಿದ್ದರು. ಬಸ್ಸಿನ ಖರ್ಚಿಗಿಲ್ಲದ ತಿಂಗಳು ಮಾತ್ರೆ ನಿಂತಿತು. ವಿಷಯ ಹೊರಬಿದ್ದಾಗ, ಅವರ ಮಗಳನ್ನು ಬೇರೆ ಬೆಂಚಿನಲ್ಲಿ ಕೂರಿಸಿ ಎಂದು ಕೆಲವು ಪೋಷಕರು ನನ್ನ ಬಳಿ ಬಂದರು. ನಾನು ಕೂರಿಸಲಿಲ್ಲ, ಆದರೆ ಅವರಿಗೆ ತಿಳಿಹೇಳಲೂ ಇಲ್ಲ. ಆ ಮೌನ ಇಂದಿಗೂ ಚುಚ್ಚುತ್ತದೆ.

ಒಂದೇ ಬೆಂಚು, ಒಂದೇ ತಟ್ಟೆ, ಕೈಕುಲುಕುವುದು, ಇವುಗಳಿಂದ ಎಚ್.ಐ.ವಿ. ಬರುವುದಿಲ್ಲ. ಶಾಲೆಯಲ್ಲಿ ಭೇದ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಕಾಯಿಲೆಗೆ ಔಷಧೋಪಚಾರ ಮಾಡಿಸಿಕೊಳ್ಳುವುದು ನಮ್ಮ ಪ್ರವಾದಿಯವರು (ಸ) ಕಲಿಸಿದ ದಾರಿ.

ಕಣದ ಕಾಲಿನ ಸರಪಳಿಯನ್ನು ವಿಜ್ಞಾನಿಗಳು ಬಿಚ್ಚಲಿ. ‘ಲೋಗಾಂ ಕ್ಯಾ ಬೋಲೇಂಗೆ’ ಎಂಬ ಸರಪಳಿಯನ್ನು ನಾವೇ ಬಿಚ್ಚಬೇಕು. ಹೊಸಪೇಟೆಯವರಾಗಲಿ, ಸಂಡೂರು, ಕಂಪ್ಲಿಯವರಾಗಲಿ, ಸರಕಾರಿ ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಗೋಪ್ಯ. ಸಂದೇಹವಿದ್ದರೆ 1097ಕ್ಕೆ ಫೋನ್ ಮಾಡಿ. ಒಬ್ಬರೇ ಹೋಗಲು ಅಂಜುವವರಿದ್ದರೆ ದಯವಿಟ್ಟು ಅವರ ಜೊತೆಗೆ ನೀವೂ ಹೋಗಿ.