ಹಾಲಿನ ಲೆಕ್ಕ, ನೀರಿನ ಲೆಕ್ಕ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಸದಸ್ಯರ ಪರವಾಗಿ ಮಾಡಿದ ಭಾಷಣ)



ಒಂದು ಹಳ್ಳಿಯ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆಯೋದು ಸಣ್ಣ ಮಾತಲ್ಲ. ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದ ದಾರಿಯಲ್ಲೇ ನಾವೂ ನಡೆದು ಬಂದಿದ್ದೇವೆ. ಈ ದಾರಿಯ ಗುಟ್ಟು ಬಹಳ ಸರಳ. ಅಳತೆ ಎಲ್ಲರ ಕಣ್ಣ ಮುಂದೆ, ಲೆಕ್ಕ ಪುಸ್ತಕದಲ್ಲಿ. ಎರಡು ಹಸು ಇರೋರಿಗೂ ಹತ್ತು ಹಸು ಇರೋರಿಗೂ ಒಂದೇ ಲ್ಯಾಕ್ಟೋಮೀಟರು, ಒಂದೇ ಓಟು. ಈ ಶಿಸ್ತನ್ನು ಹಾಲಿನ ಕ್ಯಾನಿನಿಂದಾಚೆಗೆ, ಊರ ಕೆರೆಗೂ ಗೋಮಾಳಕ್ಕೂ ಕೊಂಡೊಯ್ಯಬೇಕು ಅನ್ನೋದೇ ಇವತ್ತು ನಾವು ನಿಮ್ಮ ಮುಂದಿಡುವ ಮಾತು.

ಹವಾಮಾನ ಬದಲಾವಣೆ ಅಂತ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ದಿನಾ ಕೇಳ್ತೀವಿ. ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗೆಯಿಂದ ಭೂಮಿ ಕಾಯುತ್ತಿದೆ, ಮಳೆಯ ಲಯ ಕೆಡುತ್ತಿದೆ ಎಂದು ವಿಜ್ಞಾನಿಗಳು ಹೇಳ್ತಾರೆ. ನಮ್ಮ ಕಡೆ ಅದರ ರೂಪ ಏನು ಅಂತ ತಿಳಿಯೋಕೆ ಎರಡು ವರ್ಷ ನೆನೆಸಿಕೊಂಡರೆ ಸಾಕು. 2021ರ ನವೆಂಬರಿನಲ್ಲಿ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಹರಿದವು. ಆದರೆ ಅದೇ ಮಳೆಗೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಒಮ್ಮೆ ಹೊಟ್ಟೆ ಬಿರಿಯುವಷ್ಟು, ಇನ್ನೊಮ್ಮೆ ಗಂಟಲು ಒಣಗುವಷ್ಟು. ಹೀಗಾದರೆ ಮೇವು ಎಲ್ಲಿಂದ, ಹಾಲು ಎಲ್ಲಿಂದ?

ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಉತ್ತರ ಪಿನಾಕಿನಿ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದುಹೋದರೂ ಮಳೆಗಾಲದ ನದಿಯೇ. ಇದನ್ನು ಅರಿತ ಹಿರಿಯರು ಕೆರೆ ಕಟ್ಟಿದರು. ಕನ್ನಡದಲ್ಲಿ ಕೆರೆ ಅನ್ನಿ, ತೆಲುಗಿನಲ್ಲಿ ಚೆರುವು ಅನ್ನಿ, ವ್ಯವಸ್ಥೆ ಒಂದೇ. ಮೇಲಿನ ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರಬೇಕು. ತೂಬು ತೆಗೆಯೋಕೆ, ಸರದಿ ಪ್ರಕಾರ ಗದ್ದೆಗೆ ನೀರು ಬಿಡೋಕೆ ನೀರುಗಂಟಿ. ಹೂಳು ತೆಗೆದರೆ ಅದೇ ಹೊಲಕ್ಕೆ ಗೋಡು. ನಮ್ಮ ಭಾಗದ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ ಅನ್ನೋ ಪದಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಭೂಮಿ ಬಿಟ್ಟುಕೊಡುತ್ತಿದ್ದ ಏರ್ಪಾಡುಗಳು ಅವು. ಅಂದರೆ ಏರಿ ಕಟ್ಟಿದ ದಿನವೇ ಅದರ ರಿಪೇರಿಗೂ ದಾರಿ ಮಾಡಿಟ್ಟಿದ್ದರು.

ಕಾಲ ಕಳೆದಂತೆ ಕೆರೆ ಇಲಾಖೆಗಳ ಕೈಗೆ ಹೋಯಿತು, ಬೋರ್‌ವೆಲ್ ಬಂತು, ನೀರುಗಂಟಿಯ ಕೆಲಸ ನಿಂತಿತು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟವಾಗಲಿ, ಚಿಂತಾಮಣಿಯ ಟೊಮೆಟೊ ಆಗಲಿ, ಇವತ್ತು ಬದುಕಿರೋದು ಕೊಳವೆ ಬಾವಿಯಿಂದ. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗುತ್ತೆ ಅನ್ನೋ ಭರವಸೆ ಇಲ್ಲ, ಸಿಕ್ಕ ನೀರಿನಲ್ಲೂ ಎಷ್ಟೋ ಕಡೆ ಫ್ಲೋರೈಡ್. ನೀಲಗಿರಿಯ ಕಥೆಯೂ ನಮ್ಮ ನಂದಿ ಬೆಟ್ಟದಿಂದಲೇ ಶುರು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ಅಲ್ಲಿಗೆ ಬಂದ ಆ ಗಿಡ 1980ರ ದಶಕದ ಸಾಮಾಜಿಕ ಅರಣ್ಯದ ಕಾಲಕ್ಕೆ ರಾಗಿ ಹೊಲಗಳಿಗೂ ಇಳಿಯಿತು. ಕಡೆಗೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಗಿಡ ನೆಟ್ಟರೆ ಸಾಲದು, ಎಂಥ ಗಿಡ, ಯಾರಿಗಾಗಿ ಅಂತ ಊರು ಕೇಳಬೇಕು ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಡ.

ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ಬಂದಿದೆ. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಎಂದು ರೈತರು ಕೇಳುತ್ತಲೇ ಇದ್ದಾರೆ, ಆ ಬೇಡಿಕೆ ನ್ಯಾಯವಾದದ್ದು. ಆದರೆ ಬೇರೆಯವರ ನೀರು ಬರಲಿ ಬಿಡಲಿ, ನಮ್ಮ ತಲೆಯ ಮೇಲೆ ಬೀಳುವ ನೀರಿಗೆ ಯಜಮಾನರು ಯಾರು?

ಈ ಪ್ರಶ್ನೆಗೆ ನಮ್ಮ ಸುತ್ತಲಿನ ಜನ ಆಗಲೇ ಉತ್ತರ ಕೊಟ್ಟಿದ್ದಾರೆ. ಹಾಲಿನ ಸಹಕಾರವನ್ನು ದೇಶಕ್ಕೆಲ್ಲ ಹರಡಿದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಪ್ರೇರಣೆಯಿಂದಲೇ 1988ರಲ್ಲಿ ಆನಂದದಲ್ಲಿ ಮರ ಬೆಳೆಗಾರರ ಸಹಕಾರ ಮಹಾಮಂಡಳ ಹುಟ್ಟಿತು. ಅದರ ಕೆಲಸ ಆಗಿನ ಕೋಲಾರ ಜಿಲ್ಲೆಗೂ ಬಂತು. ಹಳ್ಳಿಯ ಜನ ಸಂಘ ಮಾಡಿಕೊಂಡು, ಪಾಳುಬಿದ್ದ ಕಂದಾಯ ಭೂಮಿಯನ್ನು ಸಂಘದ ಹೆಸರಿಗೆ ಗುತ್ತಿಗೆ ಪಡೆದು, ಕಾವಲು ಹಾಕಿ, ಹುಲ್ಲು ಸೌದೆಯನ್ನು ಸದಸ್ಯರೇ ಹಂಚಿಕೊಳ್ಳುವ ಕ್ರಮ ಅದು. 2001ರಲ್ಲಿ ಅದರ ಕೆಲಸವನ್ನು ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಎಂಬ ಸಂಸ್ಥೆ ವಹಿಸಿಕೊಂಡು ಚಿಂತಾಮಣಿ ಕಡೆ ಪಾಪಾಗ್ನಿ ಕಣಿವೆಯಲ್ಲಿ ಮುಂದುವರಿಸಿತು. ಹಾಲಿನ ಸಂಘದ ರೀತಿಯಲ್ಲೇ ಗುಡ್ಡವನ್ನೂ ನೋಡಿಕೊಳ್ಳಬಹುದು ಅನ್ನೋದು ಅಲ್ಲಿಂದ ಕಲಿಯುವ ಮಾತು.

ಇನ್ನೊಂದು ಉದಾಹರಣೆ ನಮ್ಮ ಕೊಟ್ಟಿಗೆಗೇ ಸೇರಿದ್ದು. ಬಾಗೇಪಲ್ಲಿಯಲ್ಲಿ 1977ರಲ್ಲಿ ಶುರುವಾದ ಅಡಾಟ್ಸ್ ಸಂಸ್ಥೆಯ ಜೊತೆ ಬೆಳೆದದ್ದು ಕೂಲಿ ಸಂಘ, ಸಣ್ಣ ರೈತರು ಮತ್ತು ಕೂಲಿಕಾರರ ಸಂಘ. ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಗುಡಿಬಂಡೆ, ಶಿಡ್ಲಘಟ್ಟ ತಾಲ್ಲೂಕುಗಳ 5,500 ಮನೆಗಳಿಗೆ ಎರಡು ಘನ ಮೀಟರಿನ ಗೋಬರ್ ಗ್ಯಾಸ್ ಕಟ್ಟಿಸುವ ಅವರ ಯೋಜನೆಯನ್ನು 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಕ್ಯೋಟೊ ಒಪ್ಪಂದದಡಿ ನೋಂದಾಯಿಸಲಾಯಿತು. ಸುಡದೆ ಉಳಿದ ಸೌದೆ, ಸೀಮೆಎಣ್ಣೆಯ ಲೆಕ್ಕ ಹಾಕಿ, ಅಷ್ಟು ಹೊಗೆ ಕಡಿಮೆಯಾಯಿತು ಅಂತ ಹೊರದೇಶದವರು ಹಣ ಕೊಡುವ ವ್ಯವಸ್ಥೆ ಅದು. ಹೆಣ್ಣುಮಕ್ಕಳ ಕಣ್ಣಿಗೆ ಹೊಗೆ ತಪ್ಪಿತು, ಬಗ್ಗಡ ಹೊಲಕ್ಕೆ ಗೊಬ್ಬರವಾಯಿತು. ಸಗಣಿ ಹೊಸದಲ್ಲ. ಹೊಸದೇನೆಂದರೆ ಪ್ರತಿ ಮನೆಯ ಲೆಕ್ಕ ಇಟ್ಟ ಸಂಘ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರೋಣ. ಲೀಟರು ನಮಗೆ ಹೊಸದಲ್ಲವಲ್ಲ! ನೂರು ಎಕರೆ ಗೋಮಾಳದ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಕೋಟಿ ಲೀಟರಿಗೂ ಮೇಲೆ. ಬೋಳು ನೆಲವಾದರೆ ಆ ನೀರು ಮಣ್ಣು ಹೊತ್ತುಕೊಂಡು ಓಡಿ ಕೆರೆಗೆ ಹೂಳು ತುಂಬುತ್ತೆ. ಹುಲ್ಲು, ಹೊಂಗೆ, ಹುಣಸೆ, ನೇರಳೆ ಇರುವ ನೆಲವಾದರೆ ಒಂದಷ್ಟು ಇಂಗುತ್ತೆ, ಉಳಿದದ್ದು ತಿಳಿಯಾಗಿ ಕೆರೆ ಸೇರುತ್ತೆ. ಗೋಮಾಳ ಚೆನ್ನಾಗಿದ್ದರೆ ಕೆರೆ, ಕೆರೆ ಚೆನ್ನಾಗಿದ್ದರೆ ಬಾವಿ, ಬಾವಿ ಚೆನ್ನಾಗಿದ್ದರೆ ಈ ಸಂಘದ ಕ್ಯಾನು. ಇದೇ ಸರಪಳಿ.

ಆದರೆ ಗೋಮಾಳವೇ ಕರಗುತ್ತಾ ಇದೆ. ಬೆಂಗಳೂರು ಹತ್ತಿರವಾದಷ್ಟೂ ಒಂದು ಕಡೆ ಲೇಔಟು, ಇನ್ನೊಂದು ಕಡೆ ಕಲ್ಲು ಕ್ವಾರಿ, ಮತ್ತೊಂದು ಕಡೆ ಒತ್ತುವರಿ. ಕಾನೂನಿಗೆ ಕೊರತೆ ಇಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗೋಮಾಳ ಬಿಡಬೇಕೆನ್ನುತ್ತದೆ. ಊರ ಸಾರ್ವಜನಿಕ ಭೂಮಿಯ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲೇ ಎಲ್ಲ ರಾಜ್ಯಗಳಿಗೆ ಹೇಳಿದೆ. ಊರಿನಲ್ಲಿ ಎಷ್ಟು ದನ ಇವೆ ಅಂತ ಕೇಳಿದರೆ ಖಚಿತವಾಗಿ ಹೇಳಬಲ್ಲವರು ಯಾರು? ದಿನಕ್ಕೆರಡು ಸಲ ಹಾಲು ಅಳೆಯುವ ನಮ್ಮ ಸಂಘವೇ ತಾನೆ!

ಆದ್ದರಿಂದ ಮಹಾಸಭೆಯ ಮುಂದೆ ಮೂರು ಸಲಹೆ ಇಡುತ್ತೇವೆ. ಒಂದು, ಮನೆ ಮನೆಯ ದನಗಳ ಪಟ್ಟಿ ಮಾಡಿ, ಗೋಮಾಳದ ಸರ್ವೆಗೆ, ಗಡಿ ಕಲ್ಲಿಗೆ ಪಂಚಾಯಿತಿಯ ಮೂಲಕ ಅರ್ಜಿ ಹಾಕೋಣ. ಎರಡು, ಕೆರೆಗೆ ನೀರು ತರುವ ಕಾಲುವೆಗಳನ್ನು ಮುಂಗಾರಿಗೆ ಮೊದಲು ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ನಡೆದು ನೋಡೋಣ. ಎಲ್ಲಿ ಮುಚ್ಚಿದೆ, ಎಲ್ಲಿ ಒಡೆದಿದೆ ಅನ್ನೋದು ಸಂಘದ ಪುಸ್ತಕದಲ್ಲಿ ದಾಖಲಾಗಲಿ. ಮೂರು, ಗೋಮಾಳದ ಒಂದು ಭಾಗಕ್ಕೆ ಕಾವಲು ಹಾಕಿ ಹುಲ್ಲು ಬೆಳೆಸೋಣ.

ಮೂರನೆಯದಕ್ಕೆ ತಕರಾರು ಬರುತ್ತೆ, ಬರಬೇಕು ಕೂಡ. ಕುರಿ ಮೇಕೆ ಮೇಯಿಸೋರು, ಸೌದೆ ತರೋ ಭೂಮಿ ಇಲ್ಲದ ತಾಯಂದಿರು ಎಲ್ಲಿಗೆ ಹೋಗಬೇಕು? ಅವರಲ್ಲಿ ಎಷ್ಟೋ ಜನ ಈ ಸಂಘದ ಸದಸ್ಯರೂ ಅಲ್ಲ. ಗೋಮಾಳ ಸಂಘದ ಆಸ್ತಿಯಲ್ಲ, ಊರಿನದು. ಹಸು ಇದ್ದೋರಿಗೆ ಹುಲ್ಲು, ಇಲ್ಲದೋರಿಗೆ ಬೇಲಿ ಅಂತಾದರೆ ಆ ಬೇಲಿ ಒಂದು ಬೇಸಿಗೆಯೂ ನಿಲ್ಲೋದಿಲ್ಲ. ಅದಕ್ಕೇ ಮೂರು ಪಾಲು ಮಾಡಿ, ಸರದಿಯ ಮೇಲೆ ಒಂದೊಂದೇ ಪಾಲಿಗೆ ಕಾವಲು. ಕಾವಲಿನ ಕೂಲಿ ಮೊದಲು ಭೂಮಿ ಇಲ್ಲದವರಿಗೆ. ಕೊಯ್ದ ಹುಲ್ಲಿನಲ್ಲಿ ಅವರಿಗೂ ಪಾಲು. ಇದನ್ನು ಗ್ರಾಮಸಭೆಯಲ್ಲಿ ಅವರನ್ನು ಕೂರಿಸಿಕೊಂಡೇ ತೀರ್ಮಾನ ಮಾಡಬೇಕು.

ಮಳೆ ನಮ್ಮ ಮಾತು ಕೇಳೋದಿಲ್ಲ. ಬಿದ್ದ ಮಳೆಯನ್ನು ಹಿಡಿಯೋದು ಮಾತ್ರ ನಮ್ಮ ಕೈಲಿದೆ. ಅಧ್ಯಕ್ಷರು ಈ ಮೂರು ಸಲಹೆಗಳನ್ನು ಮುಂದಿನ ಸಭೆಯ ನಡಾವಳಿಗೆ ಸೇರಿಸಬೇಕೆಂದು ಕೋರುತ್ತೇವೆ.

ಜೈ ಸಹಕಾರ.